ಮೂವತ್ನಾಲ್ಕೂವರೆ ತಾಸಿನ ಸೋಮವಾರ

ಗಾಡಿ ಬದಲಿಸುವುದು ನಮ್ಮ ಸೇಡಂ, ಚಿತ್ತಾಪುರ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ವಾಡಿ ಜಂಕ್ಷನ್ ಅದನ್ನು ನಮ್ಮ ಮುತ್ತಜ್ಜಂದಿರ ಕಾಲಕ್ಕೇ ಕಲಿಸಿಬಿಟ್ಟಿದೆ. ಮುಂಬಯಿಯಿಂದ ಮದ್ರಾಸಿನ ಕಡೆ ಹೋಗುವ ದೊಡ್ಡ ಹಳಿಗೆ 1874ರಲ್ಲಿ ನಿಜಾಮರ ರೈಲು ಹೈದರಾಬಾದಿನಿಂದ ಬಂದು ಕೂಡಿಕೊಂಡದ್ದು ಅಲ್ಲಿಯೇ. ಅಂದಿನಿಂದ ಅರ್ಧ ಜನ ವಾಡಿಯಲ್ಲಿ ಇಳಿಯುವುದು, ಅರ್ಧ ಜನ ಹತ್ತುವುದು, ಉಳಿದವರು ಶಹಾಬಾದ್ ಫರಸಿಯ ಮೇಲೆ ಟವೆಲ್ ಹಾಸಿ ಮಲಗುವುದು ನಡೆದೇ ಇದೆ.

ಸಾಮಾನ್ಯರ ಮಾತು ಬಿಡಿ, ಹೈದರಾಬಾದಿನ ದಿವಾನ ಸಾಲಾರ್ ಜಂಗ್ 1876ರಲ್ಲಿ ಯುರೋಪಿಗೆ ಹೊರಟಾಗಲೂ ಮುಂಬಯಿ ಮುಟ್ಟಲು ಇದ್ದದ್ದು ಈ ವಾಡಿ ಹಳಿಯೊಂದೇ. ರೈಲು, ಹಡಗು, ಮತ್ತೆ ರೈಲು ಎಂದು ಅಷ್ಟೆಲ್ಲ ಸುಸೂತ್ರ ದಾಟಿದ ಮನುಷ್ಯ ಪ್ಯಾರಿಸ್ಸಿನ ಹೋಟೆಲಿನಲ್ಲಿ ಬಿದ್ದು ಕಾಲು ಮುರಿದುಕೊಂಡರು. ದೂರದ ಪ್ರಯಾಣದಲ್ಲಿ ಅಪಾಯವಿರುವುದು ಗಾಡಿಯಲ್ಲಲ್ಲ, ಇಳಿದು ಆರಾಮ ಮಾಡುವಾಗ ಎಂದು ನಮ್ಮ ಕಾಕಾ ಇದರಿಂದ ತೀರ್ಮಾನಿಸಿದ್ದಾರೆ.

ಕಾಕಾನ ವಿಷಯಕ್ಕೇ ಬರುತ್ತಿದ್ದೆ. ಕೊಡ್ಲಿಯಲ್ಲಿ ತೊಗರಿ ಬೆಳೆಯುವ ಇವರ ಮಗಳು ಅಮೆರಿಕದ ಆಸ್ಟಿನ್ನಿನಲ್ಲಿದ್ದಾಳೆ. ಹೈದರಾಬಾದಿನಿಂದ ದುಬೈ, ದುಬೈನಿಂದ ಡಲ್ಲಾಸ್, ಡಲ್ಲಾಸಿನಿಂದ ಆಸ್ಟಿನ್ ಎಂದು ಟಿಕೆಟ್ ಕಳಿಸಿದಳು. ಜೊತೆಗಿರಲಿ ಎಂದು ನನ್ನನ್ನೂ ಹೊರಡಿಸಿದಳು. ಎಮ್ಮೆ ಬಿಟ್ಟು ಬರಲಾರೆ ಎಂದು ಕಾಕು ಮೊದಲೇ ಹೇಳಿಬಿಟ್ಟಿದ್ದರು. ಆದರೆ ಟಿಕೆಟ್ಟನ್ನು ಸರಿಯಾಗಿ ನೋಡಿದವರು ಅವರೊಬ್ಬರೇ.

"ಏನ್ರೀ, ಆವತ್ತ ಶ್ರಾವಣ ಸೋಮಾರ ಅದ!"

ಕಾಕಾ ಬುದ್ಧಿ ಬಂದಾಗಿನಿಂದ ಶ್ರಾವಣ ಸೋಮವಾರದ ಒಪ್ಪತ್ತು ತಪ್ಪಿಸಿದವರಲ್ಲ. ಹಗಲೆಲ್ಲ ಉಪವಾಸ, ದೀಪ ಹಚ್ಚಿದ ಮೇಲೆ ಒಂದು ಊಟ. ಮಠದ ಅಯ್ಯನವರನ್ನು ಕೇಳಿದ್ದಾಯಿತು. "ಎಲ್ಲೇ ಇರ್ರಿ, ದೀಪ ಹಚ್ಚಿದ ಮ್ಯಾಲ ಉಣ್ರಿ" ಎಂದರು. ಅಪ್ಪಣೆ ಸರಳವಾಗಿತ್ತು. ಕಾಕಾ ಮಾತ್ರ ದಾರಿಯುದ್ದಕ್ಕೂ ನನ್ನನ್ನು ಕೇಳಿದರು: "ವಿಮಾನದಾಗ ದೀಪ ಯಾವಾಗ ಹಚ್ಚತಾರ ತಮ್ಮಾ?" ನಾನು ಕಂಡಂತೆ ವಿಮಾನದಲ್ಲಿ ದೀಪ ಹಚ್ಚುವುದಕ್ಕಿಂತ ಆರಿಸುವುದೇ ಹೆಚ್ಚು.

ಕಲಬುರಗಿಗೇ ವಿಮಾನ ನಿಲ್ದಾಣ ಬಂದಿದೆಯಲ್ಲ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಬಂದಿದೆ. ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಹತ್ತಿರ 2019ರ ನವೆಂಬರ್ 22ಕ್ಕೆ ಉದ್ಘಾಟನೆಯೂ ಆಯಿತು. ಆದರೆ ಅಲ್ಲಿಂದ ದುಬೈಗೆ ವಿಮಾನ ಏಳುವುದಿಲ್ಲ, ಬೆಂಗಳೂರಿಗೆ ಹೋಗಿ ಏರುವುದೆಂದರೆ ದಕ್ಷಿಣಕ್ಕೆ ಇಳಿದು ಮತ್ತೆ ವಾಯವ್ಯಕ್ಕೆ ತಿರುಗಬೇಕು. ನಮಗೆ ಹೈದರಾಬಾದೇ ಹತ್ತಿರ. 2008ರ ಮಾರ್ಚಿನಲ್ಲಿ ಅಲ್ಲಿನ ವಿಮಾನಗಳು ಬೇಗಂಪೇಟೆಯಿಂದ ಶಂಶಾಬಾದಿಗೆ ಹೋದ ಮೇಲಂತೂ ನಗರದೊಳಗೆ ಹೊಗುವ ಗೋಜೂ ಇಲ್ಲ. ತಾಂಡೂರು, ವಿಕಾರಾಬಾದ್ ದಾಟಿದರೆ ಮುಗಿಯಿತು. 1956ರಲ್ಲಿ ರಾಜ್ಯ ಬೇರೆಯಾಯಿತು ನಿಜ, ನಮ್ಮ ದವಾಖಾನೆ, ಮದುವೆ ಸೀರೆ, ವಿಮಾನ ಎಲ್ಲಕ್ಕೂ ದಾರಿ ಮಾತ್ರ ಅತ್ತಲೇ ಉಳಿಯಿತು.

ನಸುಕಿನ ನಾಲ್ಕಕ್ಕೆ ಶಂಶಾಬಾದಿನಿಂದ ಹೊರಟೆವು. ದುಬೈಯಲ್ಲಿ ಇಳಿಯುವ ಹೊತ್ತಿಗೆ ಕಿಟಕಿಯಲ್ಲಿ ಸೂರ್ಯ ಆಗ ತಾನೇ ಎದ್ದಿದ್ದ. ನನ್ನ ಮೊಬೈಲಿನ ಗಂಟೆ ತಾನಾಗಿಯೇ ಒಂದೂವರೆ ತಾಸು ಹಿಂದೆ ಹೋಯಿತು. ಕಾಕಾನ ಎಚ್‌ಎಂಟಿ ಗಡಿಯಾರ ಹೋಗಲಿಲ್ಲ, ಹೋಗಲು ಅವರು ಬಿಡಲೂ ಇಲ್ಲ.

ಅಲ್ಲಿ ಮೂರು ತಾಸಿನ ಕಾಯುವಿಕೆ. ವಾಡಿಯಲ್ಲಾದರೆ ಇಷ್ಟು ಹೊತ್ತಿಗೆ ಪಕ್ಕದವನ ಮಗಳ ಮದುವೆಯ ಖರ್ಚಿನ ತನಕ ಗೊತ್ತಾಗಿರುತ್ತಿತ್ತು. ಇಲ್ಲಿ ಎಲ್ಲರೂ ಕಿವಿಗೆ ಏನೋ ಸಿಕ್ಕಿಸಿಕೊಂಡು ಎದುರಿನ ಬೋರ್ಡು ನೋಡುತ್ತ ಕುಳಿತಿದ್ದರು. ಕಾಕಾ ಬಿಡಬೇಕಲ್ಲ. ಎದ್ದು, ಸಾಲಿನ ಈ ತುದಿಯಿಂದ "ಯಾವೂರ್ರಿ ನಿಮ್ಮದು?" ಎಂದು ಶುರುಮಾಡಿದರು. ಬಹಳ ಮಂದಿ ನಕ್ಕು ಸುಮ್ಮನಾದರು. ಕೊನೆಗೆ ಹುಮನಾಬಾದಿನ ಒಬ್ಬ ಹುಡುಗ ಸಿಕ್ಕ, ಎಸಿ ರಿಪೇರಿಯವನು, ರಜೆ ಮುಗಿಸಿ ಕತಾರಿಗೆ ಹೊರಟಿದ್ದ. ಅರ್ಧ ತಾಸಿನಲ್ಲಿ ಇಬ್ಬರೂ ಮಳೆ, ತೊಗರಿ ಧಾರಣೆ, ನೆಟೆರೋಗ ಎಲ್ಲ ಮುಗಿಸಿದರು. ಹುಡುಗ ಎದ್ದು ಹೋಗುವಾಗ ಕಾಲಿಗೆ ನಮಸ್ಕಾರ ಮಾಡಿದ. ಸುತ್ತಲಿನವರು ಏನೋ ಅನಾಹುತವಾಯಿತೆಂದು ನೋಡಿದರು.

ಆ ಊರಲ್ಲಿ ಕುಳಿತಾಗ ನನಗೆ ಸುಲೈಮಾನನೆಂಬ ಅರಬ್ ವರ್ತಕ ನೆನಪಾದ. ಅವನ ಹೆಸರಿನಲ್ಲಿ ಬಂದಿರುವ 851ರ ಒಂದು ವೃತ್ತಾಂತದಲ್ಲಿ ಜಗತ್ತಿನ ನಾಲ್ಕು ದೊಡ್ಡ ದೊರೆಗಳ ಎಣಿಕೆಯಿದೆ: ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ (ಎಂದರೆ ಬೈಜಾಂಟಿಯಮ್ಮಿನ) ಅರಸ, ಮತ್ತು ಬಲ್ಹರಾ. ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ದೊರೆ. ಆಗ ಮಾನ್ಯಖೇಟದಲ್ಲಿ ಕುಳಿತು ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಆ ಮಾನ್ಯಖೇಟವೇ ಕಾಗಿಣಾ ದಂಡೆಯ ಇವತ್ತಿನ ಮಳಖೇಡ. ಕಾಕಾ ಮಳಖೇಡಕ್ಕೆ ಎಷ್ಟೋ ಸಲ ಹೋದವರು, ಸಿಮೆಂಟ್ ತರಲು. ಇದನ್ನು ಕೇಳಿ ಸ್ವಲ್ಪ ಹೊತ್ತು ಅಂಗಡಿಗಳ ಬೆಳಕು ನೋಡಿದರು. "ಆವಾಗ ಇವರು ನಮ್ಮ ಸುದ್ದಿ ಬರದ್ರು. ಈಗ ನಾವು ಇವರ ಬಾಗಲಾಗ ಕುಂತೀವಿ. ಚಾ ಎಷ್ಟಂತ ಕೇಳಿದಿ?" ಕೇಳಿದ್ದೆ. ಬೆಲೆ ಹೇಳಿದರೆ ಉಪವಾಸ ಇನ್ನೂ ಗಟ್ಟಿಯಾಗುತ್ತಿತ್ತು, ಹೇಳಲಿಲ್ಲ.

ಡಲ್ಲಾಸಿನ ವಿಮಾನ ಏರಿದ ಮೇಲೆ ನಿಜವಾದ ಸಂಕಟ ಶುರುವಾಯಿತು. ಸೂರ್ಯ ಓಡುವ ದಿಕ್ಕಿಗೇ ನಾವೂ ಓಡುತ್ತಿದ್ದೆವು. ಅವನಷ್ಟು ಜೋರು ನಮಗಿಲ್ಲ, ಆದರೆ ಅಷ್ಟು ಉತ್ತರಕ್ಕೆ, ಧ್ರುವದ ಕಡೆ ವಾಲಿ ಹೋಗುವ ದಾರಿಯಲ್ಲಿ, ಅದೂ ಆಗಸ್ಟಿನಲ್ಲಿ, ಅವನು ಮುಳುಗುವ ಲಕ್ಷಣವೇ ಕಾಣಲಿಲ್ಲ. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ದುಬೈಯ ಸೂರ್ಯೋದಯದಿಂದ ಆಸ್ಟಿನ್ನಿನ ಸೂರ್ಯಾಸ್ತದವರೆಗೆ ಹೆಚ್ಚುಕಡಿಮೆ 23 ತಾಸಿನ ಹಗಲು. ಬೇಸಿಗೆಯ ಗಂಟೆಯಲ್ಲಿ ಆಸ್ಟಿನ್ ನಮಗಿಂತ ಹತ್ತೂವರೆ ತಾಸು ಹಿಂದೆ. ಅಂದರೆ ಕೊಡ್ಲಿಯಲ್ಲಿ ಹುಟ್ಟಿ ಆಸ್ಟಿನ್ನಿನಲ್ಲಿ ಮುಗಿಯುವ ಈ ಸೋಮವಾರಕ್ಕೆ ಒಟ್ಟು 34 ತಾಸು 30 ನಿಮಿಷ.

ಕಾಕಾ ಕಾಗದ ನೋಡಿದರು. "ಶಿವಗ ಇದು ಗೊತ್ತದ ಏನು?" ಅಂದರು. ನಂತರ ಬಾಯಿ ಮುಚ್ಚಿ ಗಡಿಯಾರ ನೋಡುತ್ತ ಕುಳಿತರು. ಕಿಟಕಿಗಳನ್ನು ಮುಚ್ಚಿಸಿ, ದೀಪ ಆರಿಸಿ, ವಿಮಾನದವರು ಸುಳ್ಳು ರಾತ್ರಿ ಮಾಡಿದ್ದರು. ಎಚ್‌ಎಂಟಿಯಲ್ಲಿ ಏಳಾಯಿತು. ಕೊಡ್ಲಿಯಲ್ಲಿ ಕಾಕು ದೀಪ ಹಚ್ಚುವ ಹೊತ್ತು. ಕಾಕಾ ತಲೆಯ ಮೇಲಿನ ಓದುವ ದೀಪದ ಗುಂಡಿಯನ್ನು ತಾವೇ ಒತ್ತಿ, ಕೈ ಮುಗಿದು, ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ ಮುರಿದ ಸದ್ದಿಗೆ ಮುಂದಿನ ಸಾಲಿನವರು ಎದ್ದರು. ಶೇಂಗಾ ಹಿಂಡಿಗೆ ಮೊಸರು ಬೇಕೆಂದು ನಾನು ಕೇಳಿದೆ, ಸ್ಟ್ರಾಬೆರಿಯದು ಬಂತು. ಅದನ್ನೂ ಕಲೆಸಿಕೊಂಡು ಉಂಡರು. ನಾನು ಕಿಟಕಿಯ ಮುಚ್ಚಳ ಒಂದು ಬೆರಳು ಸರಿಸಿದರೆ ಕೆಳಗೆ ಹಿಮದ ಮೇಲೆ ಕಣ್ಣು ಕುಕ್ಕುವ ಬಿಸಿಲು.

ಡಲ್ಲಾಸಿನಲ್ಲಿ ಪೆಟ್ಟಿಗೆಗಳನ್ನು ನಾವೇ ಇಳಿಸಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಮುಂದಿನ ವಿಮಾನಕ್ಕೆ ಒಪ್ಪಿಸಬೇಕಾಯಿತು. ಹೈದರಾಬಾದಿನಲ್ಲೇ ಆಸ್ಟಿನ್ನಿನ ಚೀಟಿ ಅಂಟಿಸಿದ್ದರೂ ಸರಿ, ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲಿ ಈ ಶಾಸ್ತ್ರ ನಮಗೆ ತಪ್ಪಲಿಲ್ಲ. ತಿನ್ನುವ ಪದಾರ್ಥ ಏನಿದೆ ಎಂದು ಅಧಿಕಾರಿ ಕೇಳಿದ್ದೇ ತಡ, ಕಾಕಾ ತೊಗರಿಬೇಳೆಯ ಗಂಟು ಬಿಚ್ಚಿ ತೋರಿಸಿದರು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ ಎಂಬುದನ್ನೂ ನಾನು ಅನುವಾದಿಸಿ ಹೇಳಬೇಕಾಯಿತು. ಅವನು ತಲೆಯಾಡಿಸಿ ಮುಂದೆ ಹೋಗಿ ಎಂದ. ಒಪ್ಪಿಕೊಂಡ ಎಂದೇ ಕಾಕಾನ ನಂಬಿಕೆ.

ಆಸ್ಟಿನ್ನಿನ ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಮಗಳು ದೀಪ ಹಚ್ಚಿ, ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿ, "ಅಪ್ಪಾ, ಇವತ್ತ ಸೋಮಾರ, ಒಪ್ಪತ್ತ ಬಿಡ್ರಿ" ಎಂದಳು. ನಾನು ಕಾಕಾನ ಮುಖ ನೋಡಿದೆ.

"ಆಗ ಉಂಡಿದ್ದು ಕೊಡ್ಲಿ ಸೋಮಾರದ್ದು. ಇದು ನಿಮ್ಮೂರಿಂದು. ನೀಡು."

ಊಟವಾದ ಮೇಲೆ ಅಳಿಯನನ್ನು ಕೂರಿಸಿಕೊಂಡು ವಾಪಸ್ ಬರುವ ಲೆಕ್ಕ ತೆಗೆಸಿದರು. ಕಾರ್ತಿಕದಲ್ಲಿ, ರವಿವಾರ ರಾತ್ರಿ ಹೊರಟರೆ ಮಂಗಳವಾರ ನಸುಕಿಗೆ ಹೈದರಾಬಾದ್. ನವೆಂಬರಿನಲ್ಲಿ ಇಲ್ಲಿನ ಗಡಿಯಾರ ಇನ್ನೂ ಒಂದು ತಾಸು ಹಿಂದೆ ಸರಿದಿರುತ್ತದೆ. ನಡುವಿನ ಸೋಮವಾರ ಬರೀ 12 ತಾಸು 30 ನಿಮಿಷ. "ಅದನ್ನೇ ಬುಕ್ ಮಾಡು. ಇವತ್ತ ಹೆಚ್ಚಿಗಿ ಕೊಟ್ಟಿದ್ದು ಆವಾಗ ವಸೂಲಿ ಆಗಲಿ" ಎಂದು ಹೇಳಿ, ಈ ಉಪಾಯವನ್ನು ತಿಳಿಸಲು ಕಾಕುಗೆ ಫೋನ್ ಹಚ್ಚಿಸಿದರು.

ಆ ಕಡೆ ಕಾಕು ಅರ್ಧ ಕೇಳಿದರು. "ಇಲ್ಲಿ ಮಂಗಳಾರ ಏಳು ಹೊಡದದ, ಎಮ್ಮಿ ಒದರಲತ್ತದ. ಇಡ್ರಿ ಫೋನು."