ಚಾವಡಿಯಿಂದ ಮಾಳಿಗೆಗೆ ಒಂದು ವಯರು

ನಮ್ಮ ಇಚಿಲಂಪಾಡಿಯ ಮನೆಗೆ ಫೈಬರ್ ಬಂದಿದೆ ಅಂತ ನಾವು ಊರಿಡೀ ಹೇಳಿಕೊಂಡು ತಿರುಗಿದ್ದೆವು. ಅದು ಬಂದದ್ದು ಚಾವಡಿಯವರೆಗೆ ಮಾತ್ರ. ಟಿವಿಯ ಪಕ್ಕ ಗೋಡೆಯಲ್ಲಿ ಬಿಳಿ ಪೆಟ್ಟಿಗೆ, ಅದರ ಎದುರು ಕೂತರೆ ಯೂಟ್ಯೂಬು ನೀರಿನ ಹಾಗೆ ಓಡುತ್ತದೆ. ಅಡುಗೆಮನೆಗೆ ಹೋದರೆ ಚಕ್ರ ತಿರುಗುತ್ತದೆ. ಮಾಳಿಗೆಗೆ ಹತ್ತಿದರೆ ಅದೂ ಇಲ್ಲ.

ನಮ್ಮ ಕಡೆಯ ಬಹಳ ಮನೆಗಳ ಹಾಗೆ ನಮ್ಮದೂ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಎದುರಿನದ್ದು ಅಜ್ಜನ ಕಾಲದ ಮುರಕಲ್ಲಿನ ಗೋಡೆ, ಹಂಚಿನ ಮಾಡು. ಹಿಂದಿನದ್ದು ಅಪ್ಪ ಕಟ್ಟಿಸಿದ ಸ್ಲ್ಯಾಬಿನ ಮನೆ, ಅದರ ಮೇಲೊಂದು ಮಾಳಿಗೆ. ಅದಕ್ಕೂ ಮೇಲೆ ಶೀಟು ಹಾಕಿದ ಟೆರೇಸು. ಮಳೆ ಬಂದರೆ ಅಡಿಕೆ ಅಲ್ಲಿಗೆ ಹತ್ತುತ್ತದೆ. ಅಂಗಳದ ಆಚೆ ಅಡಿಕೆ ಕೊಟ್ಟಿಗೆ.

ಇದು ಸಿನಿಮಾ ನೋಡುವ ಪ್ರಶ್ನೆ ಆಗಿದ್ದರೆ ನಾವು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಮೂವರಲ್ಲಿ ದೊಡ್ಡವಳಾದ ಅಕ್ಕನಿಗೆ ಬೆಂಗಳೂರಿನಲ್ಲಿ ಕೆಲಸ. ಅಪ್ಪನ ಮೊಣಕಾಲು ಮೆಟ್ಟಿಲು ಹತ್ತುವುದಕ್ಕೆ ಆಗದ ಸ್ಥಿತಿಗೆ ಬಂದಾಗ ಅವಳು ಆಫೀಸಿನಲ್ಲಿ ಕೇಳಿದಳು, ಊರಿನಿಂದಲೇ ಕೆಲಸ ಮಾಡಬಹುದಾ ಅಂತ. ಒಂದು ತಿಂಗಳು ನೋಡೋಣ, ಮೀಟಿಂಗಿನ ನಡುವೆ ಲೈನು ಕಡಿಯಬಾರದು ಅಂದರು. ಚಾವಡಿಯಲ್ಲಿ ಕೂತು ಮೀಟಿಂಗು ಆಗುವ ಮಾತಲ್ಲ. ಬಂದವರೆಲ್ಲ ಅಲ್ಲೇ ಕೂರುವುದು, ಅಪ್ಪನ ವಾರ್ತೆಯೂ ಅಲ್ಲೇ.

ಸುಳ್ಯದ ಗುತ್ತಿಗಾರು ಹತ್ತಿರದ ಬಳ್ಳಕದ ಫೋಟೊ ನಿಮಗೂ ನೆನಪಿರಬಹುದು. 2021ರ ಜೂನ್ ತಿಂಗಳು, ಮಗಳು ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಆಗ ಸಿಗ್ನಲ್ ಊರಿಗೇ ಇರಲಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಜಗಲಿವರೆಗೆ ಬಂದ ಇಂಟರ್ನೆಟ್ ಒಳಗೆ ಬರುವುದಿಲ್ಲ.

ಕಾರಣ ನಮ್ಮ ಗೋಡೆಗಳೇ. ವೈಫೈಗೆ ಮುಖ್ಯವಾಗಿ ಎರಡು ದಾರಿ, 2.4 ಗಿಗಾಹರ್ಟ್ಜ್ ಮತ್ತು 5 ಗಿಗಾಹರ್ಟ್ಜ್. ಮೊದಲನೆಯದು ನಿಧಾನ, ಆದರೆ ಗೋಡೆಯನ್ನು ಸ್ವಲ್ಪ ದಾಟುತ್ತದೆ. ಎರಡನೆಯದು ವೇಗ, ಗೋಡೆ ಕಂಡರೆ ಸೋಲುತ್ತದೆ. ಮುರಕಲ್ಲಿನ ದಪ್ಪ ಗೋಡೆ, ಅದೂ ಮಳೆಗಾಲದಲ್ಲಿ ನೀರು ಕುಡಿದದ್ದು, ಎರಡಕ್ಕೂ ಕಷ್ಟ. ಸ್ಲ್ಯಾಬಿನಲ್ಲಿ ಕಬ್ಬಿಣದ ಸರಳಿನ ಬಲೆಯೇ ಇರುತ್ತದೆ.

ಪೇಟೆಯ ಅಂಗಡಿಯಲ್ಲಿ ಕೇಳಿದ್ದಕ್ಕೆ, "ಒಂದು ರಿಪೀಟರ್ ಸಿಕ್ಕಿಸಿ ಮಾರಾಯ್ರೆ, ಐದು ನಿಮಿಷದ ಕೆಲಸ" ಅಂದರು. ನಾವು ತರಲಿಲ್ಲ. ರಿಪೀಟರ್ ಅಂದರೆ ಕೇಳಿಸಿದ್ದನ್ನು ಮತ್ತೆ ಕೂಗಿ ಹೇಳುವವನು. ಸಾಮಾನ್ಯ ರಿಪೀಟರು ಕೇಳುವುದೂ ಕೂಗುವುದೂ ಒಂದೇ ದಾರಿಯಲ್ಲಾದ್ದರಿಂದ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅವನಿಗೇ ಸರಿಯಾಗಿ ಕೇಳಿಸದ ಜಾಗದಲ್ಲಿಟ್ಟರೆ ಏನು ಹೇಳಿಯಾನು?

ಹಾಗಾಗಿ ವಯರು. ಪ್ರತಿ ಅಂತಸ್ತಿಗೂ ಒಂದೊಂದು ಎಳೆದು, ಅದರ ತುದಿಯಲ್ಲಿ ಮಾತ್ರ ವೈಫೈ.

ಕ್ಯಾಟ್ 6 ಕೇಬಲ್ ಕೊಳ್ಳುವಾಗ ಒಂದು ವಿಷಯ ನೋಡಿ. ಕಮ್ಮಿ ಬೆಲೆಯದ್ದು ಅಲ್ಯೂಮಿನಿಯಮಿಗೆ ತಾಮ್ರ ಲೇಪಿಸಿದ್ದಿರುತ್ತದೆ. ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದು ಬೇಗ ಮುರಿಯುತ್ತದೆ, ಉದ್ದ ಎಳೆದರೆ ಕೈಕೊಡುತ್ತದೆ. ಪೂರ್ತಿ ತಾಮ್ರದ್ದಾದರೆ 100 ಮೀಟರ್‌ವರೆಗೆ ಧೈರ್ಯವಾಗಿ ಎಳೆಯಬಹುದು. ನಮಗೆ ಬೇಕಾದದ್ದು ಅದರ ಕಾಲು ಭಾಗವೂ ಅಲ್ಲ. ಹಿಂದೆ ಡಿಶ್ ಆಂಟೆನಾಕ್ಕೆ ಹಾಕಿದ್ದ ಪೈಪು ಚಾವಡಿಯಿಂದ ಟೆರೇಸಿನವರೆಗೆ ಖಾಲಿ ಬಿದ್ದಿತ್ತು. ಕರೆಂಟಿನ ವಯರು ಇರುವ ಪೈಪಿನಲ್ಲಿ ಇದನ್ನು ತುರುಕಬಾರದು, ಅದು ಅಪಾಯ. ಡಿಶ್ಶಿನ ಹಳೆ ಕೇಬಲಿನ ತುದಿಗೆ ಹೊಸದನ್ನು ಕಟ್ಟಿ, ತಮ್ಮ ಮೇಲಿನಿಂದ ಎಳೆದ, ಅಮ್ಮ ಕೆಳಗಿನಿಂದ ಬಿಡುತ್ತಾ ಹೋದರು. "ಬಾವಿಯಿಂದ ನೀರು ಸೇದಿದ ಹಾಗೆ ಉಂಟು" ಅಂದರು. ಕೆಲಸ ಮುಗಿಯುವಾಗ ಗಂಜಿ ಆರಿತ್ತು.

ಕೇಬಲಿನೊಳಗೆ ಎಂಟು ಎಳೆ. ಎಂಟೂ ಸರಿ ಕೂತರೆ 1000 ಎಂಬಿಪಿಎಸ್ ಹೋಗುತ್ತದೆ. ಒಂದು ಎಳೆ ಕೂರದಿದ್ದರೂ ಲೈನು ಸತ್ತಿರುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ವಯರಿನವರು ಹೊರಡುವ ಮೊದಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅಂಕೆ ನೋಡಿಕೊಳ್ಳಿ.

ಚಾವಡಿಯ ಪೆಟ್ಟಿಗೆಯಿಂದ ಒಂದು ಸಣ್ಣ ಸ್ವಿಚ್ಚಿಗೆ, ಅಲ್ಲಿಂದ ಅಡುಗೆಮನೆಗೂ ಮಾಳಿಗೆಗೂ ಒಂದೊಂದು ಕೇಬಲ್. ತುದಿಗೆ ಹೊಸ ರೂಟರ್ ಬೇಕಿಲ್ಲ, ಹಳೆಯದಿದ್ದರೆ ಅದನ್ನೇ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿದರಾಯಿತು. ವಿಳಾಸ ಹಂಚುವ ಕೆಲಸ ಚಾವಡಿಯ ಪೆಟ್ಟಿಗೆಗೆ ಮಾತ್ರ ಇರಲಿ. ಒಂದು ಮನೆಗೆ ಇಬ್ಬರು ಯಜಮಾನರಾದರೆ ಏನಾಗುತ್ತದೋ ಇಲ್ಲೂ ಅದೇ. ಎಲ್ಲಾ ಕಡೆ ಹೆಸರು, ಪಾಸ್‌ವರ್ಡ್ ಒಂದೇ ಇಟ್ಟರೆ ಫೋನು ತಾನೇ ಹತ್ತಿರದ್ದನ್ನು ಹಿಡಿಯುತ್ತದೆ. 2.4ರಲ್ಲಿ ಚಾನೆಲ್ಲನ್ನು ಮಾತ್ರ 1, 6, 11 ಅಂತ ಬೇರೆ ಬೇರೆ ಕೊಡಿ. ಅಕ್ಕನ ಲ್ಯಾಪ್‌ಟಾಪಿಗಂತೂ ವೈಫೈಯೇ ಬೇಡ ಅಂತ ನೇರ ವಯರು ಕೊಟ್ಟೆವು.

ಉಳಿದದ್ದು ಕೊಟ್ಟಿಗೆ. ಅಡಿಕೆ ಕಾಯುವುದಕ್ಕೆ ಅಲ್ಲೊಂದು ಕ್ಯಾಮರಾ ಬೇಕು ಅಂತ ಅಪ್ಪನ ಹಟ. ಅಂಗಳ ದಾಟಿ ಅದೇ ತಾಮ್ರದ ಕೇಬಲ್ ಎಳೆಯುವುದು ಸುಲಭವಿತ್ತು, ಆದರೆ ನಮ್ಮ ಊರಿನ ಸಿಡಿಲು ಗೊತ್ತಲ್ಲ. ಏಪ್ರಿಲ್-ಮೇ ಮತ್ತು ಅಕ್ಟೋಬರಿನಲ್ಲಿ ಮಧ್ಯಾಹ್ನ ಕಳೆದರೆ ಆಕಾಶ ನಂಬುವ ಹಾಗಿಲ್ಲ. ಎರಡು ಕಟ್ಟಡಗಳ ನಡುವಿನ ತಾಮ್ರದ ಎಳೆ ಸಿಡಿಲಿಗೆ ಹಾಕಿದ ಸಂಕ. ಹತ್ತಿರದ ತೆಂಗಿಗೆ ಬಡಿದರೂ ಸಾಕು, ಎರಡೂ ತುದಿಯ ಯಂತ್ರ ಸುಡಬಹುದು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಆದ್ದರಿಂದ ಅಂಗಳಕ್ಕೆ ಫೈಬರ್, ಎರಡು ತುದಿಗೆ ಮೀಡಿಯಾ ಕನ್ವರ್ಟರ್. ಫೈಬರ್ ಕೇಬಲಿನಲ್ಲೂ ಆಧಾರಕ್ಕೆ ಉಕ್ಕಿನ ತಂತಿ ಇರುವುದುಂಟು. ರಸ್ತೆಯಿಂದ ಮನೆಗೆ ಬರುವ ಕೇಬಲಿನಲ್ಲಿ ಅದನ್ನು ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಅಂಗಳಕ್ಕೆ ನಾವು ಲೋಹವೇ ಇಲ್ಲದ್ದನ್ನು ಕೇಳಿ ತರಿಸಿದೆವು.

ಸಿಡಿಲು ಕರೆಂಟಿನ ಲೈನಿನಲ್ಲೂ ಬರುತ್ತದೆ. ಅದಕ್ಕೆ ಅಮ್ಮನ ಮದ್ದೇ ಮದ್ದು: ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗು ಕೀಳುವುದು. ಪೆಟ್ಟಿಗೆ, ಸ್ವಿಚ್ಚು ಎರಡೂ 12 ವೋಲ್ಟಿನವಾದ್ದರಿಂದ ಸಣ್ಣ ಬ್ಯಾಟರಿ ಯುಪಿಎಸ್ ಒಂದಿಟ್ಟೆವು. ಪ್ಲಗ್ಗು ಕಿತ್ತರೂ, ಕರೆಂಟು ಹೋದರೂ ಕೆಳಗೆ ಲೈನು ಜೀವಂತ ಇರುತ್ತದೆ. ಅಕ್ಕ ಆಗ ಲ್ಯಾಪ್‌ಟಾಪಿನ ವಯರು ಬಿಡಿಸಿ ಚಾವಡಿಗೆ ಇಳಿಯುತ್ತಾಳೆ, ಅಪ್ಪ ವಾರ್ತೆ ಬಿಟ್ಟು ಜಗಲಿಗೆ ಹೋಗುತ್ತಾರೆ.

ಆಫೀಸಿನವರು ಹೇಳಿದ ತಿಂಗಳು ಮುಗಿದು ಈಗ ಮೂರನೆಯದು ನಡೆಯುತ್ತಿದೆ. ಅಕ್ಕ ಬೆಂಗಳೂರಿನ ರೂಮು ಬಿಟ್ಟಳು, ಮಂಚ ಮೊನ್ನೆ ಲಾರಿಯಲ್ಲಿ ಬಂತು. ಕ್ಯಾಮರಾದಲ್ಲಿ ಇದುವರೆಗೆ ಕಂಡ ಕಳ್ಳ ಅಂದರೆ ಪಕ್ಕದ ಮನೆಯ ಬೆಕ್ಕು.