ಬಾಟ್ಲಿ ತೊಳೆಯುವುದೇ ಅರ್ಧ ಕೆಲಸ

ಏಪ್ರಿಲ್ ಕೊನೆಯಾಯಿತೆಂದರೆ ನಮ್ಮ ಕಾರ್ಕಳದ ಕಡೆ ಖಾಲಿ ಬಾಟ್ಲಿಗೂ ಬೆಲೆ ಬರುತ್ತದೆ. ಅದು ಪುನರ್ಪುಳಿ ಹಣ್ಣಾಗುವ ಕಾಲ. ಮಳೆ ಹಿಡಿಯುವ ಮೊದಲು ಹಣ್ಣು ಹೆಕ್ಕಬೇಕು, ಸಿಪ್ಪೆ ಬಿಡಿಸಬೇಕು, ಸಕ್ಕರೆ ಹಾಕಿ ಬಿಸಿಲಿಗೆ ಇಡಬೇಕು, ರಸ ಬಿಟ್ಟ ಮೇಲೆ ಸೋಸಬೇಕು. ಸೋಸಿದ ಸಿರಪ್ ತುಂಬಿಸಲು ಬಾಟ್ಲಿ ಬೇಕು. ಹೊಸ ಗಾಜಿನ ಬಾಟ್ಲಿ ತರುವಷ್ಟು ದುಡ್ಡು ಈ ವ್ಯಾಪಾರದಲ್ಲಿ ಇಲ್ಲ. ಹಾಗಾಗಿ ಹೆಚ್ಚಿನ ಮನೆಗಳಿಗೆ ಬರುವುದು ಗುಜರಿ ಅಂಗಡಿಯ ಬಾಟ್ಲಿ. ಅದರಲ್ಲೂ 650 ಮಿ.ಲೀ.ನ ಕಂದು ಬಣ್ಣದ ಬಿಯರ್ ಬಾಟ್ಲಿ. ಗಾಜು ದಪ್ಪ, ಬೆಲೆ ಕಡಿಮೆ, ಬೇಕಾದಷ್ಟು ಸಿಗುತ್ತದೆ.

ಜಿಲ್ಲೆಯ ಸುದ್ದಿ ಬರೆಯುವ ನಾವು ಬಾಟ್ಲಿ ತೊಳೆಯುವ ವಿಷಯ ಬರೆಯಬೇಕೇ ಎಂದು ನೀವು ಕೇಳಬಹುದು. ಬರೆಯಬೇಕು. ಉಡುಪಿ, ಕಾಪು, ಕಾರ್ಕಳದ ಎಷ್ಟೋ ಮನೆಗಳ ಸಣ್ಣ ಸಂಪಾದನೆ ಈ ಬಾಟ್ಲಿಗಳ ಒಳಗೆ ಇದೆ. ಸಿರಪ್, ಕಳ್ಳಿನ ವಿನೆಗರ್, ಉಪ್ಪಿನಕಾಯಿ, ಕಾಯಿಸಿದ ತೆಂಗಿನೆಣ್ಣೆ ಎಲ್ಲವೂ ಕೆಡುವುದಿದ್ದರೆ ಹೆಚ್ಚಾಗಿ ಬಾಟ್ಲಿಯಿಂದಲೇ ಶುರು.

ನಮ್ಮ ಚಿಕ್ಕಮ್ಮನ ಉದಾಹರಣೆಯನ್ನೇ ಹೇಳುತ್ತೇವೆ. ಎರಡು ವರ್ಷದ ಹಿಂದೆ ಅವರು ಮಣಿಪಾಲದ ಒಂದು ಅಂಗಡಿಗೆ 40 ಬಾಟ್ಲಿ ಸಿರಪ್ ಕೊಟ್ಟಿದ್ದರು. ಹದಿನೈದು ದಿನದಲ್ಲಿ 11 ಬಾಟ್ಲಿ ವಾಪಸು ಬಂತು. ಕೆಲವದರ ಬಿರಡೆ ಹಾರಿಹೋಗಿತ್ತು, ಕೆಲವದರ ಕುತ್ತಿಗೆಯಲ್ಲಿ ನೊರೆ. ವಾಸನೆ ನೋಡಿದರೆ ಹುಳಿ ಹುಳಿ, ಸ್ವಲ್ಪ ಅಮಲಿನದ್ದೇ ವಾಸನೆ. ಹಣ್ಣು ಒಂದೇ ಮರದ್ದು, ಸಕ್ಕರೆ ಒಂದೇ ಅಂಗಡಿಯದ್ದು, ಸೋಸಿದ್ದು ಒಂದೇ ದಿನ. ಉಳಿದ 29 ಬಾಟ್ಲಿಗೆ ಏನೂ ಆಗಿರಲಿಲ್ಲ.

ನೆರೆಮನೆಯ ಅಜ್ಜನೊಬ್ಬರು ನೋಡಲು ಬಂದರು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಮೂರ್ತೆ ಮಾಡಿದವರು, ಎಂದರೆ ಮರ ಹತ್ತಿ ಕಳ್ಳು ಇಳಿಸಿದವರು. ಒಂದು ಬಾಟ್ಲಿ ಮೂಸಿ, ನಕ್ಕು ಹೇಳಿದರು: "ನಿನ್ನ ಸಿರಪ್ಪಿಗೆ ದೋಷ ಇಲ್ಲ ಮಾರಾಯ್ತಿ. ನೀನು ಬಾಟ್ಲಿಯಲ್ಲಿ ಕಲಿ ಮಾಡಿದ್ದಿ." ತುಳುವಿನಲ್ಲಿ ಕಳ್ಳಿಗೆ ಕಲಿ ಎನ್ನುತ್ತೇವೆ.

ಅಜ್ಜ ತಮಾಷೆಗೆ ಹೇಳಿದ್ದಲ್ಲ. ಅದು ನಿಜವಾಗಿಯೂ ಆದದ್ದೇ.

ಮಡಕೆ ಹೇಳಿದ ಹಾಗೆ ರಸ

ತೆಂಗಿನ ಹೊಂಬಾಳೆಯಿಂದ ಇಳಿಯುವ ರಸ ಮೊದಲಿಗೆ ಬರೀ ಸಿಹಿ. ಅದರಲ್ಲಿ ಅಮಲು ಇಲ್ಲ. ಮರದಲ್ಲಿ ಕಟ್ಟಿದ ಮಡಕೆಗೆ ಬಿದ್ದ ಮೇಲೆ ಅದರ ಬದುಕು ಬದಲಾಗುತ್ತದೆ. ನಿನ್ನೆಯ ಕಳ್ಳಿನ ಪಸೆ ಮಡಕೆಯ ಒಳಮೈಯಲ್ಲಿ ಉಳಿದಿರುತ್ತದೆ. ಆ ಪಸೆಯಲ್ಲಿ ಕಣ್ಣಿಗೆ ಕಾಣದ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಇರುತ್ತವೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅವು ಹೊಸ ರಸಕ್ಕೆ ಸೇರುತ್ತವೆ, ಸಕ್ಕರೆಯನ್ನು ತಿಂದು ಅಮಲು ಮತ್ತು ಗ್ಯಾಸ್ ಮಾಡುತ್ತವೆ. ಕೆಲವೇ ಗಂಟೆಯಲ್ಲಿ ನೊರೆ ಬರುತ್ತದೆ. ಹಾಗೆಯೇ ದಿನಗಟ್ಟಲೆ ಬಿಟ್ಟರೆ ಬೇರೆ ಬ್ಯಾಕ್ಟೀರಿಯಾ ಬಂದು ಅಮಲನ್ನು ವಿನೆಗರ್ ಮಾಡುತ್ತವೆ. ನಮ್ಮ ಕ್ರಿಶ್ಚಿಯನ್ ಮನೆಗಳ ಅಡುಗೆಯ ಕಳ್ಳಿನ ವಿನೆಗರ್ ಹೀಗೆ ಆದದ್ದು. ಸನ್ನಾ ಉಬ್ಬುವುದೂ ಕಳ್ಳಿನ ಇದೇ ಜೀವಿಗಳಿಂದ.

ಅದೇ ರಸ ಸಿಹಿಯಾಗಿ ಉಳಿಯಬೇಕು, ಬೆಲ್ಲ ಕಾಯಿಸಬೇಕು ಎಂದಾದರೆ? ಮಡಕೆಯನ್ನು ಚೆನ್ನಾಗಿ ತೊಳೆದು, ಒಣಗಿಸಿ, ಒಳಗೆ ಸುಣ್ಣ ಬಳಿದು ಕಟ್ಟುತ್ತಾರೆ. ಸುಣ್ಣ ಇದ್ದಲ್ಲಿ ಆ ಜೀವಿಗಳ ಆಟ ನಡೆಯುವುದಿಲ್ಲ. ಮರ ಒಂದೇ, ಕತ್ತಿ ಒಂದೇ, ಹತ್ತಿದ ಮನುಷ್ಯನೂ ಒಬ್ಬನೇ. ಒಂದು ಮಡಕೆಯಲ್ಲಿ ಅಮಲು, ಇನ್ನೊಂದರಲ್ಲಿ ಬೆಲ್ಲ. ವ್ಯತ್ಯಾಸ ಮಾಡಿದ್ದು ಮಡಕೆಯ ಒಳಮೈ. ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆಯವರು ಸುಣ್ಣದ ಬದಲು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂಪಾಗಿ ರಸ ಇಳಿಸಿ ಅದಕ್ಕೆ ಕಲ್ಪರಸ ಎಂದು ಹೆಸರಿಟ್ಟರು. ದಾರಿ ಬೇರೆ, ಗುರಿ ಅದೇ: ಪಾತ್ರೆಯಲ್ಲಿ ಹೆಪ್ಪು ಬೀಳಬಾರದು.

ಬಿಯರಿನವರ ಪಾಠ

ಮಣಿಪಾಲದಲ್ಲಿ ಓದುವ ಹುಡುಗರು ಕೆಲವರು ನಮ್ಮನ್ನು ಕೇಳುವುದುಂಟು, ಹೊರದೇಶದವರ ಹಾಗೆ ಮನೆಯಲ್ಲೇ ಬಿಯರ್ ಮಾಡಬಹುದಾ ಎಂದು. ಅಮೆರಿಕದಲ್ಲಿ 1978ರ ಕಾಯ್ದೆ ಮನೆಬಳಕೆಯ ಬಿಯರಿಗೆ ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕಳ್ಳು ಇಳಿಸುವುದಕ್ಕೂ ಲೈಸನ್ಸ್ ಬೇಕು. ಆದ್ದರಿಂದ ಬಿಯರ್ ಮಾಡುವ ಕ್ರಮವನ್ನು ನಾವು ಇಲ್ಲಿ ಬರೆಯುವುದಿಲ್ಲ. ಆದರೆ ಮನೆಯಲ್ಲಿ ಬಿಯರ್ ಮಾಡುವ ದೇಶಗಳವರು ಬಾಟ್ಲಿ ತೊಳೆಯುವ ವಿಷಯದಲ್ಲಿ ಕಲಿತದ್ದು ಸಿರಪ್ ಮಾಡುವ ನಮಗೂ ಬೇಕು.

ಬಿಯರಿನ ರಸವನ್ನು ಮೊದಲು ಚೆನ್ನಾಗಿ ಕುದಿಸುತ್ತಾರೆ. ಕುದಿಸಿದ ಮೇಲೆ ಅದಕ್ಕೆ ಸೇರುವ ಬೇಡದ ಜೀವಿ ಪಾತ್ರೆಯಿಂದ, ಕೊಳವೆಯಿಂದ, ಬಾಟ್ಲಿಯಿಂದಲೇ ಬರಬೇಕು. ಮನೆ ಬಿಯರಿಗೆ ಗ್ಯಾಸ್ ಬರಲೆಂದು ಬಾಟ್ಲಿ ತುಂಬಿಸುವಾಗ ಅಳತೆಯ ಸಕ್ಕರೆ ಹಾಕಿ ಮುಚ್ಚುತ್ತಾರೆ. ಬಾಟ್ಲಿಯ ತಳದಲ್ಲಿ ಕಾಡು ಯೀಸ್ಟ್ ಇದ್ದರೆ ಅದು ಅಳತೆ ಮೀರಿ ತಿಂದು ಅಳತೆ ಮೀರಿ ಗ್ಯಾಸ್ ಮಾಡುತ್ತದೆ. ಆಗ ಗಾಜು ಸಿಡಿಯುತ್ತದೆ. ಫ್ರಾನ್ಸಿನ ಲೂಯಿ ಪಾಶ್ಚರ್ ವೈನ್ ಕೆಡುವುದರ ಬಗ್ಗೆ 1866ರಲ್ಲಿ, ಬಿಯರ್ ಬಗ್ಗೆ 1876ರಲ್ಲಿ ಪುಸ್ತಕ ಬರೆದು, ಪಾನೀಯ ಕೆಡುವುದು ತನ್ನಷ್ಟಕ್ಕೆ ಅಲ್ಲ, ಹೊರಗಿನಿಂದ ಬಂದ ಜೀವಿಗಳಿಂದ ಎಂದು ತೋರಿಸಿದ್ದ.

ಬಿಯರಿನವರು ಈ ಕೆಲಸವನ್ನು ಎರಡಾಗಿ ಮಾಡುತ್ತಾರೆ. ಮೊದಲು ತೊಳೆಯುವುದು, ಆಮೇಲೆ ಕ್ರಿಮಿ ಕಳೆಯುವುದು. ಎರಡೂ ಒಂದೇ ಅಲ್ಲ. ಕೊಳೆ ಅಂಟಿದ ಬಾಟ್ಲಿಯನ್ನು ಕುದಿಸಿದರೆ ಕೊಳೆಯ ಒಳಗೆ ಕುಳಿತ ಜೀವಿ ಬದುಕಿ ಉಳಿಯಬಹುದು. ಬರೀ ಸೋಪಿನಲ್ಲಿ ತೊಳೆದು ಬಿಟ್ಟರೆ ಗಾಜು ಫಳಫಳ ಹೊಳೆಯುತ್ತದೆ, ಜೀವಿ ಹಾಗೆಯೇ ಇರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮೊದಲು ಬಾಟ್ಲಿಯ ಜಾತಕ

ತೊಳೆಯುವುದಕ್ಕೂ ಮೊದಲು ಒಂದು ಕೆಲಸ ಇದೆ. ಬಾಟ್ಲಿ ಎಲ್ಲಿಂದ ಬಂತು ಎಂದು ಕೇಳುವುದು.

ಕಾರ್ಕಳದ ತೋಟಗಳ ಕಡೆ ಹೋದರೆ ನೋಡಿ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ಹಳೆಯ ಬಾಟ್ಲಿಯಲ್ಲಿ. ಅಡಿಕೆಗೆ ಹೊಡೆಯುವ ಔಷಧಿಯ ಉಳಿಕೆ ಬಾಟ್ಲಿಯಲ್ಲಿ. ಸೀಮೆಎಣ್ಣೆ, ಫಿನಾಯಿಲ್, ಪೈಂಟಿನ ಟರ್ಪೆಂಟೈನ್ ಎಲ್ಲವೂ ಅದೇ ಕಂದು ಬಾಟ್ಲಿಯಲ್ಲಿ. ಖಾಲಿಯಾದ ಮೇಲೆ ಅದು ಗುಜರಿಗೆ ಹೋಗುತ್ತದೆ, ಗುಜರಿಯಿಂದ ಇನ್ನೊಂದು ಅಡುಗೆಮನೆಗೆ ಬರುತ್ತದೆ. ಕುದಿಸಿದರೆ ಯೀಸ್ಟ್ ಸಾಯುತ್ತದೆ. ವಿಷ ಸಾಯುವುದಿಲ್ಲ, ಏಕೆಂದರೆ ಅದಕ್ಕೆ ಜೀವ ಇಲ್ಲ. ಎಣ್ಣೆಯಂಥ ವಾಸನೆ ಬಂದರೆ, ಒಳಗೆ ಬಿಳಿ ಅಥವಾ ನೀಲಿ ಕರೆ ಕಂಡರೆ, ಎಲ್ಲಿಯದೆಂದು ಗೊತ್ತಿಲ್ಲದಿದ್ದರೆ, ಆ ಬಾಟ್ಲಿ ಎಷ್ಟು ಹೊಳೆದರೂ ತಿನ್ನುವ ಕುಡಿಯುವ ವಸ್ತುವಿಗೆ ಬೇಡ. ಹಾಗೆಯೇ ನಮ್ಮ ಮನೆಯ ಆಸಿಡನ್ನು, ಔಷಧಿಯನ್ನು ಕುಡಿಯುವ ಬಾಟ್ಲಿಗೆ ಹಾಕಿ ಇಡುವುದೂ ಬೇಡ. ರಾತ್ರಿ ಕರೆಂಟು ಹೋದಾಗ ಬಾಯಾರಿದ ಮಗುವಿಗೆ ಎರಡೂ ಒಂದೇ ತರ ಕಾಣುತ್ತದೆ.

ತೊಳೆಯುವ ಕ್ರಮ

ಈಗ ಚಿಕ್ಕಮ್ಮನ ಮನೆಯಲ್ಲಿ ನಡೆಯುವ ಕ್ರಮ ಹೇಳುತ್ತೇವೆ.

ಬಾಟ್ಲಿ ಖಾಲಿಯಾದ ಕೂಡಲೇ ನೀರು ಹಾಕಿ ಕುಲುಕಿ ಚೆಲ್ಲಬೇಕು. ಒಣಗಿದ ಪಸೆ ತೆಗೆಯುವುದು ಹತ್ತು ಪಾಲು ಕಷ್ಟ.

ಒಂದು ಪ್ಲಾಸ್ಟಿಕ್ ಬಕೆಟ್ ಬಿಸಿ ನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸಬೇಕು. ಅಡುಗೆ ಸೋಡಾ ಅಲ್ಲ, ಬಟ್ಟೆಗೆ ಹಾಕುವ ಸೋಡಾ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಕೈಗೆ ಗ್ಲೌಸ್ ಇರಲಿ. ಬೆಳಿಗ್ಗೆ ಲೇಬಲ್ ತಾನಾಗಿ ಜಾರಿ ಬರುತ್ತದೆ. ಬಿಯರ್ ಕಂಪನಿಗಳೂ ವಾಪಸು ಬಂದ ಬಾಟ್ಲಿಯನ್ನು ಕಾಸ್ಟಿಕ್ ಸೋಡಾದ ಬಿಸಿ ನೀರಿನಲ್ಲಿ ತೊಳೆಯುತ್ತವೆ. ಆದರೆ ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ. ಅದು ಯಂತ್ರ ಇದ್ದವರ ಕೆಲಸ, ಮನೆಗೆ ಬೇಡ.

ಆಮೇಲೆ ಉದ್ದ ಹಿಡಿಯ ಬ್ರಶ್. ಬ್ರಶ್ ಇಲ್ಲದಿದ್ದರೆ ಒಂದು ಮುಷ್ಟಿ ಅಕ್ಕಿ, ಸ್ವಲ್ಪ ಸೋಪು ನೀರು ಹಾಕಿ ಜೋರಾಗಿ ಕುಲುಕಬೇಕು. ಹಿಂದಿನವರು ಮರಳು ಹಾಕುತ್ತಿದ್ದರು. ಮರಳು ಗಾಜಿಗೆ ಗೀರು ಮಾಡುತ್ತದೆ, ಗೀರಿನಲ್ಲಿ ಮತ್ತೆ ಕೊಳೆ ಕೂರುತ್ತದೆ. ಮೂರು ಸಲ ಒಳ್ಳೆಯ ನೀರಿನಲ್ಲಿ ಜಾಲಿಸಿ, ಬಾಟ್ಲಿಯನ್ನು ಬಿಸಿಲಿಗೆ ಹಿಡಿದು ನೋಡಬೇಕು. ತಳದ ಮೂಲೆ ಮತ್ತು ಕುತ್ತಿಗೆಯ ಒಳಭಾಗ, ಈ ಎರಡು ಜಾಗ ಮುಖ್ಯ. ಬಾಯಿ ಒಡೆದದ್ದು, ಸೀಳು ಬಿಟ್ಟದ್ದು ಕಂಡರೆ ಅಲ್ಲಿಯೇ ಬದಿಗಿಡಬೇಕು.

ಕ್ರಿಮಿ ಕಳೆಯಲು ನಮ್ಮ ಮನೆಗಳಲ್ಲಿ ಅತಿ ಸುಲಭದ ದಾರಿ ಕುದಿಸುವುದು. ಕುಚ್ಚಲಕ್ಕಿಗೆ ಭತ್ತ ಬೇಯಿಸುವ ಹಂಡೆ ಎಷ್ಟೋ ಮನೆಯ ಅಟ್ಟದಲ್ಲಿ ಸುಮ್ಮನೆ ಇದೆ. ಅದರ ತಳಕ್ಕೆ ದಪ್ಪ ಬಟ್ಟೆ ಹಾಸಿ, ಬಾಟ್ಲಿಯ ಒಳಗೂ ನೀರು ತುಂಬಿಸಿ ಇಟ್ಟು, ತಣ್ಣೀರಿನಿಂದಲೇ ಒಲೆ ಹಚ್ಚಬೇಕು. ಕುದಿ ಬಂದ ಮೇಲೆ 10 ನಿಮಿಷ. ಬಿಸಿ ಬಾಟ್ಲಿಯನ್ನು ತಣ್ಣನೆಯ ಸಿಮೆಂಟಿನ ಮೇಲೆ ಇಟ್ಟರೆ ಟಪ್ ಎಂದು ಸೀಳುತ್ತದೆ. ಮರದ ಹಲಗೆ ಅಥವಾ ಗೋಣಿ ಇರಲಿ. ಪ್ಲಾಸ್ಟಿಕ್ ಬಾಟ್ಲಿಗೆ ಈ ಕ್ರಮ ನಡೆಯುವುದಿಲ್ಲ, ಅದು ಮುದುಡಿ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಬಳಸುವವರು ಒಂದು ಮಾತು ನೆನಪಿಡಿ: ಅದರ ಜೊತೆ ವಿನೆಗರ್, ಲಿಂಬೆ, ಆಸಿಡ್ ಯಾವುದೂ ಸೇರಬಾರದು. ಸೇರಿದರೆ ವಿಷದ ಗಾಳಿ ಏಳುತ್ತದೆ.

ಆಮೇಲೆ ಬೋರಲು ಇಟ್ಟು ಒಣಗಿಸುವುದು. ಚಿಕ್ಕಮ್ಮನ 11 ಬಾಟ್ಲಿ ಹೋದದ್ದು ಇಲ್ಲಿಯೇ. ಆ ದಿನ ಬಾಟ್ಲಿ ಸಾಕಾಗದೆ, ಕೊನೆಯವನ್ನು ಬಾವಿ ನೀರಿನಲ್ಲಿ ಜಾಲಿಸಿ ಹಸಿಯಾಗಿಯೇ ತುಂಬಿಸಿದ್ದರು. ಸಿರಪ್ ಉಳಿಯುವುದು ಅದರ ಸಕ್ಕರೆಯ ದಪ್ಪದಿಂದ. ಹನಿ ನೀರು ಹಗುರ, ಅದು ಮೇಲೆ ನಿಂತು ಕುತ್ತಿಗೆಯಲ್ಲಿ ತೆಳು ಸಿರಪ್ಪಿನ ಒಂದು ಪದರ ಮಾಡುತ್ತದೆ. ಆ ಪದರದಲ್ಲಿ ಯೀಸ್ಟ್ ಆರಾಮವಾಗಿ ಬೆಳೆಯುತ್ತದೆ. ಅಜ್ಜ ಬಾಟ್ಲಿ ಮೂಸಿ ಹೇಳಿದ್ದು ಇದನ್ನೇ. ಬಾಟ್ಲಿಯ ಒಳಗೆ ಬಟ್ಟೆ ತುರುಕಿ ಒರೆಸಬಾರದು, ಬಟ್ಟೆಯಿಂದಲೇ ಮತ್ತೆ ಜೀವಿ ಸೇರುತ್ತದೆ. ಒಣಗಿದ ದಿನವೇ ತುಂಬಿಸಿ. ಹಳೆಯ ಬಿರಡೆ ಬೇಡ. ಅದರ ತೂತುಗಳ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಮುಚ್ಚಳ ಹೊಸದಿರಲಿ.

ತೊಳೆದ ಕೈಗೆ ಎಷ್ಟು?

ಈ ಕ್ರಮ ಹಿಡಿದ ಮೇಲೆ ಚಿಕ್ಕಮ್ಮನ ಸಿರಪ್ ವಾಪಸು ಬಂದಿಲ್ಲ. ಆದರೆ ಕೆಲಸ ಹೆಚ್ಚಾಯಿತು. 40 ಬಾಟ್ಲಿ ಎಂದರೆ ಅವರಿಗೂ ಪಕ್ಕದ ಮನೆಯ ಅಕ್ಕನಿಗೂ ಪೂರ್ತಿ ಒಂದು ದಿನ. ಮೇ ತಿಂಗಳಲ್ಲಿ ಬಾವಿಯ ನೀರು ತಳ ಕಾಣುತ್ತಿರುತ್ತದೆ, ಕೊಡ ಕೊಡ ಸೇದಬೇಕು. ಹಂಡೆಯ ಒಲೆಗೆ ಮಡಲು, ಗೆರಟೆ ಬೇಕು.

ಕಳೆದ ವರ್ಷ ನಾವು ಅವರ ಜೊತೆ ಕುಳಿತು ಒಂದು ಬಾಟ್ಲಿಯ ಲೆಕ್ಕ ಬರೆದೆವು. ಸಕ್ಕರೆ ಇತ್ತು, ಹಣ್ಣು ಇತ್ತು, ಬಾಟ್ಲಿ, ಮುಚ್ಚಳ, ಬಸ್ಸಿನ ಚಾರ್ಜು ಎಲ್ಲ ಇತ್ತು. ತೊಳೆದದ್ದು ಮಾತ್ರ ಎಲ್ಲಿಯೂ ಇರಲಿಲ್ಲ. "ತೊಳೆಯುವುದಕ್ಕೆಲ್ಲ ದುಡ್ಡು ಹಾಕುತ್ತಾರಾ? ಅದು ಮನೆ ಕೆಲಸ ಅಲ್ವಾ?" ಎಂದರು ಚಿಕ್ಕಮ್ಮ. ಸಿರಪ್ ಉಳಿಯುವುದೇ ತೊಳೆದದ್ದರಿಂದ ಎಂದಾದರೆ ಅದು ಮನೆ ಕೆಲಸ ಹೇಗಾಗುತ್ತದೆ? ಮಡಕೆ ತೊಳೆದು ಸುಣ್ಣ ಬಳಿಯುವುದನ್ನು ಅಜ್ಜನೂ ಮೂರ್ತೆಯ ಕೆಲಸದಲ್ಲೇ ಲೆಕ್ಕ ಹಿಡಿಯುತ್ತಿದ್ದರು.

ಬಾಟ್ಲಿಗೆ 5 ರೂಪಾಯಿ ತೊಳೆದ ಕೂಲಿ ಎಂದು ಸೇರಿಸಿದೆವು. ಅಂಗಡಿಯವರು ಒಂದು ಸಲ ಮುಖ ನೋಡಿದರು, ಆಮೇಲೆ ಕೊಟ್ಟರು. 40 ಬಾಟ್ಲಿಗೆ 200 ರೂಪಾಯಿ. ಇಬ್ಬರು ಹೆಂಗಸರ ಒಂದು ದಿನಕ್ಕೆ ಅದು ಏನೂ ಅಲ್ಲ, ಆದರೂ ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಸಾಲು ಬಂತು. ಈ ವರ್ಷ ಆ ಸಾಲನ್ನು 8 ರೂಪಾಯಿ ಮಾಡಬೇಕೆಂದು ಚಿಕ್ಕಮ್ಮನೇ ಹೇಳುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಸಿರಪ್ಪೋ ಉಪ್ಪಿನಕಾಯಿಯೋ ಮಾಡಿ ಮಾರುವವರಿದ್ದರೆ ಅವರ ಲೆಕ್ಕದಲ್ಲೂ ಆ ಸಾಲು ಇದೆಯೇ ಎಂದು ಒಮ್ಮೆ ನೋಡಿ.