ಟಿಪ್ಪುವಿನ ಹುಲಿ ನೋಡೋಕೆ 74ನೇ ನಂಬರ್ ಬಸ್ಸು

"ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ."

ಒಂಬತ್ತನೇ ವಯಸ್ಸಿನಲ್ಲಿ ಹುಣಸೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ನಾನು ಅತಿ ಹೆಚ್ಚು ಸಲ ಹೇಳಿರೋ ಮಾತು ಇದೇ ಇರಬೇಕು. ರಾಮದೇವರ ಬೆಟ್ಟದ ಬುಡದಲ್ಲಿ ಹೇಳಿದ್ದೀನಿ. ಚನ್ನಪಟ್ಟಣದ ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಹೇಳಿದ್ದೀನಿ. ನೆಂಟರ ಗೃಹಪ್ರವೇಶಕ್ಕೆ ಹೋಗಿ ಕಾರೊಳಗೇ ಕೂತು ಹೇಳಿದ್ದೀನಿ. ಹೋಗಲೇಬೇಕಾದ ಕಡೆಗೆ ಯಾರಾದ್ರೂ ಎತ್ತಿಕೊಂಡು ಹೋಗೋರು. ಬೈರಾಪಟ್ಟಣದ ಮನೆಯಿಂದ ಸ್ಕೂಲಿಗೆ ಅಪ್ಪನ ಟಿವಿಎಸ್ ಗಾಡಿ. ಮುಂದೆ ಹಿಪ್ಪುನೇರಳೆ ಸೊಪ್ಪಿನ ಮೂಟೆ, ಹಿಂದೆ ಟವೆಲಿನಲ್ಲಿ ಅಪ್ಪನ ಸೊಂಟಕ್ಕೆ ಕಟ್ಟಿಸಿಕೊಂಡ ನಾನು. ಅಪ್ಪನಿಗೆ ಬೇಜಾರಿರಲಿಲ್ಲ. ನನಗಿತ್ತು, ಹದಿನಾರು ದಾಟಿದ ಮೇಲೆ ಇನ್ನೂ ಜಾಸ್ತಿ. ಎತ್ತೋ ಕೈ ಎಲ್ಲೆಲ್ಲಿ ಹಿಡಿಯುತ್ತೆ ಅನ್ನೋದು ಎತ್ತಿಸಿಕೊಳ್ಳೋರಿಗೆ ಮಾತ್ರ ಗೊತ್ತು.

ಅಕ್ಕ-ಭಾವ ಇರೋದು ಲಂಡನ್ನಿನ ಇಲ್‌ಫರ್ಡ್‌ನಲ್ಲಿ. 2023ರ ಜೂನ್‌ನಲ್ಲಿ "ಮೂರು ವಾರ ಬಂದು ಹೋಗೇ" ಅಂತ ಅಕ್ಕ ಹಠ ಹಿಡಿದಳು. ನಾನು ಕೇಳಿದ್ದು ಒಂದೇ ಪ್ರಶ್ನೆ, "ಮೆಟ್ಟಿಲೆಷ್ಟು?" ಅವರ ಮನೆ ಬಾಗಿಲಿಗೇ ಒಂದಿತ್ತು. ಭಾವ ಅದಕ್ಕೊಂದು ಹಲಗೆ ಹಾಕಿ ಫೋಟೋ ಕಳಿಸಿದ ಮೇಲೆ ಟಿಕೆಟ್ ತೆಗೆದೆ. ವಿಮಾನದ ಕಥೆ ಬೇಡ. ನನ್ನ ಕುರ್ಚಿ ಲಗೇಜಿನ ಜೊತೆ ಹೋದಾಗಿಂದ ಹೀಥ್ರೂನಲ್ಲಿ ಮತ್ತೆ ಕಣ್ಣಿಗೆ ಬೀಳೋವರೆಗೂ ನಿದ್ದೆ ಹತ್ತಲಿಲ್ಲ, ಅಷ್ಟೇ.

ಲಂಡನ್ನಿನಲ್ಲಿ ಎಲ್ಲಾ ಸಲೀಸು ಅಂದುಕೊಂಡಿದ್ದರೆ ತಪ್ಪು. ಅಲ್ಲಿನ ಸುರಂಗ ರೈಲು ಶುರುವಾಗಿದ್ದು 1863ರಲ್ಲಿ. ಕುರ್ಚಿಯವರನ್ನ ಆಗ ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ಈಗಿರೋ 272 ನಿಲ್ದಾಣಗಳಲ್ಲಿ ಮೆಟ್ಟಿಲಿಲ್ಲದೆ ಪ್ಲಾಟ್‌ಫಾರ್ಮ್ ಮುಟ್ಟೋಕಾಗೋದು ಸುಮಾರು ಮೂರರಲ್ಲೊಂದು ಕಡೆ. ನಾನು ನೋಡಲೇಬೇಕು ಅಂತಿದ್ದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹತ್ತಿರದ ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಲ್ಲೂ ಮೆಟ್ಟಿಲು. ಅಲ್ಲಿರೋದು ಟಿಪ್ಪುವಿನ ಹುಲಿ. ನಮ್ಮ ಬೊಂಬೆ ಕಸುಬಿಗೆ ಟಿಪ್ಪು ಆಸರೆ ಕೊಟ್ಟ ಅಂತ ಹೇಳೋ ಸೀಮೆಯವಳು ನಾನು, ಅವನ ಮನೆಯ ಬೊಂಬೆ ನೋಡದೆ ಬರೋದು ಹೇಗೆ?

ಅಕ್ಕನಿಗೆ ರಜೆ ಇರಲಿಲ್ಲ. ಒಬ್ಬಳೇ ಹೊರಟೆ. ಇಲ್‌ಫರ್ಡ್‌ನಲ್ಲಿ ಎಲಿಜಬೆತ್ ಲೈನ್ ರೈಲಿಗೆ ಸಿಬ್ಬಂದಿ ರಾಂಪ್ ಹಾಕಿಕೊಟ್ಟರು. 2022ರಲ್ಲಿ ಶುರುವಾದ ಈ ಲೈನ್‌ನ 41 ನಿಲ್ದಾಣಗಳಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮಿಗೆ ಮೆಟ್ಟಿಲಿಲ್ಲದ ದಾರಿಯಿದೆ. ಬಾಂಡ್ ಸ್ಟ್ರೀಟ್‌ನಲ್ಲಿ ಇಳಿದು, ಮಾರ್ಬಲ್ ಆರ್ಚ್‌ವರೆಗೆ ನಾನೇ ಚಕ್ರ ತಳ್ಳಿಕೊಂಡು ಹೋಗಿ, 74ನೇ ನಂಬರ್ ಬಸ್ಸಿಗೆ ಕಾದೆ.

ಬಸ್ ಬಂತು. ನಡುಬಾಗಿಲ ಪಕ್ಕದ ನೀಲಿ ಬಟನ್ ಒತ್ತಿದೆ. ಒಳಗೆ ನೋಡಿದ್ರೆ ಕುರ್ಚಿಯ ಜಾಗದಲ್ಲಿ ಮಗು ಮಲಗಿದ್ದ ತಳ್ಳುಗಾಡಿ, ಪಕ್ಕದಲ್ಲಿ ಅದರ ತಾಯಿ. ನನ್ನ ಬಾಯಿಗೆ ಹಳೇ ಮಾತೇ ಬಂತು. "ಪರವಾಗಿಲ್ಲ, ನೀವು ಹೋಗಿ, ನಾನು ಮುಂದಿನ ಬಸ್ಸಿಗೆ ಬರ್ತೀನಿ" ಅಂತ ಇಂಗ್ಲಿಷಿನಲ್ಲಿ ಅಂದೆ. ಡ್ರೈವರ್ ಕೇಳಿಸಿಕೊಂಡ, ಆದರೆ ಒಪ್ಪಲಿಲ್ಲ. "ಆ ಜಾಗ ನಿಮ್ಮದು ಮೇಡಂ" ಅಂದವನು ಕುರ್ಚಿಗೆ ಜಾಗ ಬೇಕು ಅಂತ ಮೈಕಿನಲ್ಲಿ ಹೇಳಿದ. ತಾಯಿ ಮಗುವನ್ನ ಎತ್ತಿಕೊಂಡು ಗಾಡಿ ಮಡಿಸಿದಳು. ಬೀಪ್ ಬೀಪ್ ಅಂತ ರಾಂಪ್ ಹೊರಗೆ ಬಂತು. ಇಷ್ಟಕ್ಕೂ ಒಂದೆರಡು ನಿಮಿಷ. ಒಳಗಿದ್ದ ಯಾರೂ ಗಡಿಯಾರ ನೋಡಲಿಲ್ಲ, ನೋಡಿದ್ದು ನಾನೊಬ್ಬಳೇ. ಟಿಕೆಟ್ಟೂ ಇಲ್ಲ, ಲಂಡನ್ ಬಸ್ಸಿನಲ್ಲಿ ಗಾಲಿಕುರ್ಚಿಯವರಿಗೆ ಉಚಿತ.

ರಾತ್ರಿ ಭಾವ ಇದರ ಹಿಂದಿನ ಕಥೆ ಹೇಳಿದರು. 2012ರಲ್ಲಿ ಡಗ್ ಪಾಲೀ ಅನ್ನೋ ಗಾಲಿಕುರ್ಚಿಯ ವ್ಯಕ್ತಿ ಲೀಡ್ಸ್‌ಗೆ ಹೋಗೋ ಬಸ್ ಹತ್ತೋಕಾಗದೆ ಉಳಿದರು. ಕಾರಣ ಇಂಥದ್ದೇ ಒಂದು ತಳ್ಳುಗಾಡಿ. ಅವರು ಕೋರ್ಟಿಗೆ ಹೋದರು. 2017ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಡ್ರೈವರ್ ಒಂದು ಮಾತು ಕೇಳಿ ಸುಮ್ಮನಾದರೆ ಸಾಲದು, ಇನ್ನಷ್ಟು ಒತ್ತಾಯಿಸಬೇಕು ಅಂತ ಹೇಳಿತು. ಹಾಗಂತ ಯಾರನ್ನೂ ಬಸ್ಸಿಂದ ಇಳಿಸಬೇಕು ಅಂತಲೂ ಹೇಳಲಿಲ್ಲ. ಅದಕ್ಕೂ ಮುಂಚೆ, ತೊಂಬತ್ತರ ದಶಕದಲ್ಲಿ, ಅಂಗವಿಕಲರು ಬಸ್ಸುಗಳಿಗೆ ತಮ್ಮನ್ನೇ ಬೇಡಿ ಹಾಕಿಕೊಂಡು ರಸ್ತೆ ತಡೆದಿದ್ದರಂತೆ. ಸಿನಿಮಾಗಳಲ್ಲಿ ಕಾಣೋ ಹಿಂಬಾಗಿಲು ತೆರೆದ ಕೆಂಪು ರೂಟ್‌ಮಾಸ್ಟರ್ ಬಸ್ಸು ನನಗೆ ಚಿಕ್ಕಂದಿನಿಂದ ಇಷ್ಟ, ಅಕ್ಕ ಅದರ ಕೀಚೈನ್ ಕೂಡ ಕಳಿಸಿದ್ದಳು. ಅದರೊಳಕ್ಕೆ ನನ್ನ ಕುರ್ಚಿ ಹೋಗುತ್ತಲೇ ಇರಲಿಲ್ಲ. 2005ರ ಡಿಸೆಂಬರ್‌ನಲ್ಲಿ ಅದನ್ನ ಸಾಮಾನ್ಯ ರೂಟುಗಳಿಂದ ತೆಗೆದರು.

ಮ್ಯೂಸಿಯಂನ ಎಕ್ಸಿಬಿಷನ್ ರೋಡ್ ಬಾಗಿಲಿಗೆ ಮೆಟ್ಟಿಲಿಲ್ಲ. ಹುಲಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಸುಮಾರು 178 ಸೆಂಟಿಮೀಟರ್ ಉದ್ದ, ಬಣ್ಣ ಬಳಿದ ಮರ. ಅದರ ಕೆಳಗೆ ಅಂಗಾತ ಬಿದ್ದ ಬಿಳಿಯ. ಹ್ಯಾಂಡಲ್ ತಿರುಗಿಸಿದರೆ ಬಿಳಿಯನ ಕೈ ಆಡುತ್ತೆ, ಹುಲಿ ಗುರುಗುಡುತ್ತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದದ್ದು. ಎರಡನೇ ಮಹಾಯುದ್ಧದಲ್ಲಿ ಛಾವಣಿ ಕುಸಿದು ನೂರಾರು ಚೂರಾಯ್ತು, ಆಮೇಲೆ ಕೂಡಿಸಿದರು. ಪಕ್ಕದಲ್ಲಿದ್ದವರು ಬಗ್ಗಿ ನೋಡ್ತಿದ್ದರು. ನನಗೆ ಬಗ್ಗೋ ಕೆಲಸ ಇರಲಿಲ್ಲ, ಬಿಳಿಯನ ಮುಖ ನೇರ ಕಾಣ್ತಿತ್ತು. ಮುಕ್ಕಾಲು ಗಂಟೆ ಕೂತಿದ್ದೆ. "ಹೋಗೋಣ್ವಾ?" ಅನ್ನೋರು ಯಾರೂ ಇರಲಿಲ್ಲ.

ವಾಪಸ್ ಬರುವಾಗ ಒಂದು ಬಸ್ಸಿನ ರಾಂಪ್ ಅರ್ಧಕ್ಕೆ ಸಿಕ್ಕಿಕೊಂಡಿತು. ಡ್ರೈವರ್ ಸಾರಿ ಕೇಳಿ ಹೋದ. ಮುಂದಿನ ಬಸ್ಸು ನಾಲ್ಕು ನಿಮಿಷಕ್ಕೆ ಬಂತು. ಆ ನಾಲ್ಕು ನಿಮಿಷ ನನಗೆ ಸಿಟ್ಟು ಬಂದಿತ್ತು. ಊರಲ್ಲಿ ಬಸ್ಸೇ ಬಿಟ್ಟುಹೋದರೂ ಬರದ ಸಿಟ್ಟು.

ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿದೆ, ಬೆಂಗಳೂರಿನ ಮೆಟ್ರೋ ಸ್ಟೇಷನ್ನುಗಳಲ್ಲಿ ಲಿಫ್ಟಿದೆ. ಬೈರಾಪಟ್ಟಣದಿಂದ ಆ ಲಿಫ್ಟಿನ ತನಕ ಹೋಗೋದು ಹೇಗೆ ಅನ್ನೋದೇ ನನ್ನ ಪ್ರಶ್ನೆ. ಊರಿಗೆ ಬಂದ ದಿನ ಕಾರಿನ ಬಾಗಿಲು ತೆಗೆದು ಅಪ್ಪ ಕೈ ಚಾಚಿದರು. "ಬಾರವ್ವ." ಅವರಿಗೀಗ ಅರವತ್ತೆರಡು, ಸೊಂಟ ನೋವು. ಎತ್ತಿಸಿಕೊಂಡೇ ಒಳಗೆ ಹೋದೆ. ಮಾರನೇ ದಿನ ಟೇಪು ಹಿಡಿದೆವು. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು ಬೇಕು. ನಮ್ಮ ಜಗಲಿ ಹದಿನಾಲ್ಕು ಇಂಚು, ಅಂಗಳ ಒಂಬತ್ತೇ ಅಡಿ. ಬೊಂಬೆ ಕೆಲಸದ ಮಾವ ಬಂದು ನೋಡಿ, "ಕೊಟ್ಟಿಗೆ ಕಡೆ ತಿರುಗಿಸ್ಬುಡನ" ಅಂದರು. ಹದಿನೈದು ದಿನಕ್ಕೆ ಸಿಮೆಂಟು ಒಣಗಿತು. ಅದರ ಮೇಲೆ ಮೊದಲು ಹತ್ತಿದ್ದು ಗ್ಯಾಸ್ ಸಿಲಿಂಡರು. ಅವ್ವ ಉರುಳಿಸಿಕೊಂಡು ಬಂದರು, ಯಾರನ್ನೂ ಕರೀದೆ.